ಗುಂಡು ಹಾರಿಸದ ಬಂದೂಕಿಗೂ ಬೆಲೆಯುಂಟು



ಎನ್‌ಸಿಸಿಯಲ್ಲಿದ್ದವರು ಈ ಸಭೆಯಲ್ಲಿ ಕೆಲವರಾದರೂ ಇರಬಹುದು. ಅವರಿಗೆ 'ಪಾಯಿಂಟ್ ಟೂ ಟೂ' ಎಂದರೆ ಬೇರೆ ವಿವರಣೆ ಬೇಡ. ಆ ರೈಫಲ್ಲಿನ ಮೂಲ ಹುಡುಕುತ್ತ ಹೊರಟರೆ ದಕ್ಷಿಣ ಆಫ್ರಿಕಾದ ರಣಭೂಮಿಗೆ ಹೋಗಬೇಕಾಗುತ್ತದೆ.

1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಗುರಿ ಎಷ್ಟು ಕಳಪೆ ಎಂಬುದು ಬಯಲಾಯಿತು. ಎದುರಿಗಿದ್ದವರು ಬೇಟೆಯಾಡಿ ಬೆಳೆದ ರೈತರು. ಗುರಿ ಕಲಿಯಬೇಕಾದರೆ ಗುಂಡು ಹಾರಿಸಲೇಬೇಕು. ಆದರೆ ಸೈನ್ಯದ .303 ತೋಟಾ ದುಬಾರಿ. ಅದಕ್ಕೆ ನೂರಾರು ಗಜದ ಬಯಲೂ ಬೇಕು. .22 ತೋಟಾಕ್ಕಾದರೋ ಊರೊಳಗಿನ ಉದ್ದನೆಯ ಕೊಠಡಿ ಸಾಕು. ಅಂಥ ಅಭ್ಯಾಸದ ಕ್ಲಬ್ಬುಗಳು ಹುಟ್ಟಿಕೊಳ್ಳಬೇಕೆಂದು ಸೇನಾನಿ ಲಾರ್ಡ್ ರಾಬರ್ಟ್ಸ್ ಪ್ರಚಾರ ಮಾಡಿದರು. ಸೈನ್ಯ ತನ್ನ ಹಳೆಯ ಲೀ-ಎನ್‌ಫೀಲ್ಡ್‌ಗಳನ್ನೇ .22ಕ್ಕೆ ಮಾರ್ಪಡಿಸಿತು. ತೂಕ ಅಸಲಿನಷ್ಟೇ, ಸುಮಾರು 4 ಕಿಲೋ. ಬೋಲ್ಟು ಎಳೆಯುವ ರೀತಿಯೂ ಅದೇ. ಹಳೆಯ ನಳಿಗೆಯನ್ನು ಕೊರೆದು ಅದರೊಳಗೆ ಸಣ್ಣ ನಳಿಗೆ ಕೂರಿಸುವ ವಿಧಾನವೂ ಇತ್ತು. ಒಂದು ಸಲಕ್ಕೆ ಒಂದೇ ತೋಟಾ. ಸ್ಪ್ರಿಂಗ್ ತೆಗೆದ ಮ್ಯಾಗಜಿನ್ ಡಬ್ಬಿಗೆ ಉಳಿದದ್ದು ಹಾರಿಸಿದ ತೋಟಾದ ಖಾಲಿ ಕೊಳವೆ ಹಿಡಿಯುವ ಕೆಲಸ! ಈ ಸಾಲಿನ 'ನಂಬರ್ 2 ಮಾರ್ಕ್ 4' ಮಾದರಿ, 1948ರಲ್ಲಿ ಸ್ಥಾಪನೆಯಾದ ನಮ್ಮ ಎನ್‌ಸಿಸಿಯ ಕೈಗೂ ಬಂತು.

ಇನ್ನೊಂದು ಜಾತಿ 'ಡಿ.ಪಿ.' ರೈಫಲ್, ಅಂದರೆ ಕವಾಯತಿಗೆ ಮಾತ್ರ. ಗುಂಡು ಹಾರಿಸಲು ಯೋಗ್ಯವಲ್ಲವೆಂದು ತೀರ್ಮಾನವಾದ ರೈಫಲ್ಲಿನ ಮೇಲೆ ಈ ಎರಡಕ್ಷರ ಒತ್ತುತ್ತಿದ್ದರು.

ಅಮೆರಿಕದಲ್ಲಿ ಅದೂ ಸಾಲಲಿಲ್ಲ. 1942ರ ಸುಮಾರಿಗೆ ನೌಕಾಪಡೆಗೆ ಮರದ ಡಮ್ಮಿ ರೈಫಲ್ ಮಾಡಿಕೊಟ್ಟದ್ದು ಅಯೋವಾ ರಾಜ್ಯದ ಕ್ಲಾರಿಂಡಾ ಊರಿನ ಪ್ಯಾರಿಸ್-ಡನ್ ಕಂಪನಿ. ರೈತರಿಗೆ ಗಾಳಿಯಿಂದ ವಿದ್ಯುತ್ ತೆಗೆಯುವ ಯಂತ್ರ ಮಾರುತ್ತಿದ್ದವರು ಅವರು! ಬೋಲ್ಟು ಆಡುತ್ತದೆ, ಟ್ರಿಗರ್ ಎಳೆಯಬಹುದು, ಗುಂಡು ಮಾತ್ರ ಹಾರದು. ಯುದ್ಧಾನಂತರ ಇಂಥವನ್ನು ಜೋಪಾನ ಮಾಡಿದವರು ಕಡಿಮೆ. ಮುರಿಯದೆ ಉಳಿದದ್ದನ್ನು ಇಂದು ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ.

ಸಂಗ್ರಾಹಕ ಮೊದಲು ನೋಡುವುದು ಮುದ್ರೆಗಳನ್ನು: ಕಾರ್ಖಾನೆ, ಇಸವಿ, ಮಾದರಿ. ಬೋಲ್ಟಿನ ಸಂಖ್ಯೆಗೂ ಮೈಮೇಲಿನ ಸಂಖ್ಯೆಗೂ ಹೊಂದಾಣಿಕೆಯಿದ್ದರೆ ಬೆಲೆ ಏರುತ್ತದೆ. ಹೊಳಪು ಬರಲೆಂದು ಮರ ಉಜ್ಜಿ ವಾರ್ನಿಷ್ ಬಳಿದರೋ, ಕೆಟ್ಟಿತು. ಇದಕ್ಕಿಂತ ದೊಡ್ಡ ಅಪಾಯ, ಡಿ.ಪಿ. ರೈಫಲ್ಲಿಗೆ ಮತ್ತೆ 'ಜೀವ' ಕೊಡುವ ಚಪಲ. ದುರ್ಬಲವಾದ ಲೋಹ ಸಿಡಿಯುವುದು ಹಾರಿಸುವವನ ಮುಖದ ಪಕ್ಕದಲ್ಲೇ.

ನಮ್ಮಲ್ಲಿ ಕಾನೂನೂ ಇದೆ. 1959ರ ಶಸ್ತ್ರಾಸ್ತ್ರ ಕಾಯಿದೆಯ 45ನೇ ಕಲಂ ಪುರಾತನ, ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ಕೊಡುತ್ತದೆ. ಆದರೆ ದುರಸ್ತಿ ಮಾಡಿದರೂ ಅದು ಬಂದೂಕಾಗಿ ಬಳಕೆಗೆ ಬಾರದಂತಿರಬೇಕು. ಮಾರ್ಪಡಿಸಿದ .22 ಗುಂಡು ಹಾರಿಸುವ ಆಯುಧವೇ ಆದ್ದರಿಂದ ಅದಕ್ಕೆ ಪರವಾನಗಿ ಬೇಕು. ಅಜ್ಜನ ಅಟ್ಟದಲ್ಲಿ ಅಂಥದ್ದು ಕಂಡರೆ, ಬೆಲೆ ಕೇಳಲು ಓಡುವ ಮೊದಲು ಪೊಲೀಸ್ ಠಾಣೆಗೆ ತಿಳಿಸಿ.