ಹಂದಿಯ ತಳಿಯೂ ಅದರ ಆಹಾರವೂ



ಬಾದಾಮಿಯ ಚಾಲುಕ್ಯರು ವರಾಹವನ್ನು ತಮ್ಮ ಲಾಂಛನವಾಗಿ ಧರಿಸಿದ್ದರೆಂಬುದೂ, ನಮ್ಮ ನಾಡಿನಲ್ಲಿ ಬಹುಕಾಲ ನಡೆದ ಹೊನ್ನಿನ ನಾಣ್ಯಕ್ಕೆ ವರಾಹವೆಂದೇ ಹೆಸರಿದ್ದಿತೆಂಬುದೂ ತಮಗೆಲ್ಲ ತಿಳಿದ ವಿಷಯವಷ್ಟೆ. ಹೀಗೆ ಕಲ್ಲಿನಲ್ಲಿಯೂ ಚಿನ್ನದಲ್ಲಿಯೂ ಗೌರವವನ್ನು ಪಡೆದ ಪ್ರಾಣಿಯು ಬೀದಿಯಲ್ಲಿ ಎದುರಾದರೆ ಮಾತ್ರ ನಾವು ಮುಖ ತಿರುಗಿಸುತ್ತೇವೆ. ಹಂದಿಯು ಏನನ್ನಾದರೂ ತಿನ್ನುತ್ತದೆ, ಎಲ್ಲಿಯಾದರೂ ಬದುಕುತ್ತದೆ ಎಂಬ ಒಂದೇ ಮಾತಿನಲ್ಲಿ ಅದರ ವಿಚಾರವನ್ನು ಮುಗಿಸಿಬಿಡುವುದು ವಾಡಿಕೆ. ಈ ಮಾತು ಅರ್ಧ ಮಾತ್ರ ನಿಜ. ಮಿಕ್ಕ ಅರ್ಧವನ್ನು ಗಮನಿಸದೆ ಹೋದುದರಿಂದ ಉಂಟಾದ ನಷ್ಟವೆಷ್ಟೆಂಬುದನ್ನು ತಮ್ಮ ಮುಂದಿಡುವುದೇ ಈ ಭಾಷಣದ ಉದ್ದೇಶ.

ಮೊದಲು ನಿಜವಾದ ಅರ್ಧವನ್ನು ನೋಡೋಣ. ಹಂದಿಯ ಬಾಯಲ್ಲಿ 44 ಹಲ್ಲುಗಳುಂಟು. ಮುಂದಿನವು ಕತ್ತರಿಸುವುದಕ್ಕೆ, ಹಿಂದಿನವು ಅರೆಯುವುದಕ್ಕೆ. ಮೂತಿಯ ತುದಿಯಲ್ಲಿ ಗಟ್ಟಿಯಾದ ಬಿಲ್ಲೆಯಿದ್ದು, ಅದಕ್ಕೆ ಒಳಗಿನಿಂದ ಒಂದು ಪುಟ್ಟ ಎಲುಬು ಆಸರೆಯಾಗಿದೆ. ನೇಗಿಲಿನ ಗುಳದಂತೆ ನೆಲವನ್ನು ಸೀಳುವ ಈ ಅಂಗವೇ ವಾಸನೆಯನ್ನು ಹಿಡಿಯುವ ಅಂಗವೂ ಹೌದು. ಗೆಡ್ಡೆ, ಬೇರು, ಎಳೆಹುಲ್ಲು, ಹಣ್ಣು, ಕಾಳು, ಎರೆಹುಳು, ಇವೆಲ್ಲವೂ ಅದಕ್ಕೆ ಆಹಾರವೇ. ಆದರೆ ದನಗಳಂತೆ ಮೆಲುಕು ಹಾಕುವ ಹೊಟ್ಟೆ ಅದಕ್ಕಿಲ್ಲ; ಆದುದರಿಂದ ಬರಿಯ ಒಣಹುಲ್ಲಿನ ಮೇಲೆ ಅದು ಬಾಳಲಾರದು. ಎಡಿನ್‌ಬರೋ ನಗರದ ಬಳಿ ಸ್ಟೋಲ್ಬಾ ಮತ್ತು ವುಡ್‌-ಗಷ್ ಎಂಬ ಇಬ್ಬರು ವಿಜ್ಞಾನಿಗಳು ಸಾಕಿದ ಹಂದಿಗಳನ್ನು ಮರಗಿಡಗಳಿದ್ದ ವಿಶಾಲವಾದ ಆವರಣದೊಳಗೆ ಬಿಟ್ಟು, ಅವುಗಳ ನಡೆವಳಿಕೆಯನ್ನು ಪರೀಕ್ಷಿಸಿ, 1989ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಆ ಹಂದಿಗಳು ಹಗಲಿನ ಸುಮಾರು ಅರ್ಧ ಭಾಗವನ್ನು ಮೇಯುವುದರಲ್ಲಿಯೂ ನೆಲವನ್ನು ಅಗೆಯುವುದರಲ್ಲಿಯೂ ಕಳೆಯುತ್ತಿದ್ದುವು. ತಲೆಮಾರುಗಳ ಕೊಟ್ಟಿಗೆಯ ವಾಸವು ಹುಟ್ಟುಗುಣವನ್ನು ಅಳಿಸಿರಲಿಲ್ಲ.

ಗುಣವು ಒಂದೇ ಆದರೂ ಎಲ್ಲ ತಳಿಗಳ ದೇಹವೂ ಒಂದೇ ಅಲ್ಲ. ಯಾವ ನಾಡಿನಲ್ಲಿ ಯಾವ ಆಹಾರವು ಮಿಕ್ಕು ಉಳಿಯುತ್ತಿದ್ದಿತೋ ಅದಕ್ಕೆ ತಕ್ಕ ಹಂದಿಯನ್ನು ಅಲ್ಲಿನ ರೈತರು ತಿದ್ದಿ ಬೆಳೆಸಿದರು. ಡೆನ್ಮಾರ್ಕಿನಲ್ಲಿ 1882ರಲ್ಲಿ ರೈತರ ಮೊದಲನೆಯ ಸಹಕಾರ ಬೆಣ್ಣೆಯ ಕಾರ್ಖಾನೆ ಏರ್ಪಟ್ಟಿತು. ಕೆನೆಯು ಬೆಣ್ಣೆಯಾಗಿ ಇಂಗ್ಲೆಂಡಿಗೆ ಹೋಯಿತು. ಕೆನೆ ತೆಗೆದ ಹಾಲು ರೈತನ ಮನೆಗೆ ಮರಳಿ ಬಂದು, ಬಾರ್ಲಿಯೊಡನೆ ಹಂದಿಯ ಬಾನಿಯನ್ನು ಸೇರಿತು. 1887ರಲ್ಲಿ ಹಾರ್ಸೆನ್ಸ್ ಪಟ್ಟಣದಲ್ಲಿ ಹಂದಿಮಾಂಸದ ಸಹಕಾರ ಕಾರ್ಖಾನೆಯೂ ಹುಟ್ಟಿತು. ಉದ್ದನೆಯ ಬೆನ್ನೂ ಕಡಮೆ ಕೊಬ್ಬೂ ಉಳ್ಳ ಲ್ಯಾಂಡ್‌ರೇಸ್ ತಳಿಯು ಈ ಬಾನಿಯ ಮುಂದೆ ರೂಪುಗೊಂಡಿತು.

ಇಂಗ್ಲೆಂಡಿನ ಗ್ಲಾಸ್ಟರ್ ಸೀಮೆಯ ಕಥೆ ಬೇರೆ. ಅಲ್ಲಿ ಸೇಬಿನ ತೋಟಗಳು ಹೆಚ್ಚು. ಉದುರಿದ ಹಣ್ಣನ್ನೂ, ಗಿಣ್ಣು ತಯಾರಿಸುವಾಗ ಉಳಿದ ಹಾಲಿನ ನೀರನ್ನೂ ಉಂಡು, ತೋಟದಲ್ಲಿಯೇ ಅಡ್ಡಾಡಿಕೊಂಡಿರುವ ಸೌಮ್ಯವಾದ ಹಂದಿಯನ್ನು ಅಲ್ಲಿಯವರು ಬೆಳೆಸಿದರು. ಜೋತುಬಿದ್ದ ಕಿವಿ, ಬಿಳಿಯ ಮೈ, ಮೈಮೇಲೆ ಕರಿಯ ಮಚ್ಚೆ. ಸೇಬಿನ ಹಣ್ಣುಗಳು ಬೆನ್ನ ಮೇಲೆ ಬಿದ್ದು ಆದ ಕಲೆಗಳೇ ಆ ಮಚ್ಚೆಗಳೆಂದು ಹಳ್ಳಿಗರು ಹೇಳುವುದುಂಟು.

ಇವೆಲ್ಲಕ್ಕಿಂತ ಸೋಜಿಗವಾದುದು ಸ್ಪೇಯಿನ್ ದೇಶದ ಐಬೀರಿಯ ಹಂದಿ. ಆ ದೇಶದ ನೈರುತ್ಯ ಭಾಗದಲ್ಲಿ ಓಕ್ ಮರಗಳು ವಿರಳವಾಗಿ ಹರಡಿರುವ ಹುಲ್ಲುಗಾವಲುಗಳುಂಟು. ಇವನ್ನು ದೆಹೇಸಾ ಎನ್ನುತ್ತಾರೆ. ಶರತ್ಕಾಲದ ಕೊನೆಯಿಂದ ಚಳಿಗಾಲ ಮುಗಿಯುವ ತನಕ ಮರಗಳಿಂದ ಉದುರುವ ಕಾಯಿಗಳನ್ನು ಹಂದಿಗಳು ಆಯ್ದು, ಸಿಪ್ಪೆಯನ್ನು ಉಗುಳಿ, ತಿರುಳನ್ನು ಮಾತ್ರ ತಿನ್ನುತ್ತವೆ. ಕಾಯಿಯಲ್ಲಿ ಪಿಷ್ಟವೂ ಎಣ್ಣೆಯೂ ಹೇರಳ, ಸಸಾರಜನಕ ಅಲ್ಪ. ಆ ಕೊರತೆಯನ್ನು ಎಳೆಹುಲ್ಲು ಸ್ವಲ್ಪಮಟ್ಟಿಗೆ ತುಂಬುತ್ತದೆ. 2014ರಲ್ಲಿ ಸ್ಪೇಯಿನ್ ಸರ್ಕಾರವು ವಿಧಿಸಿದ ನಿಯಮದಂತೆ, ಕನಿಷ್ಠ 60 ದಿನಗಳ ಕಾಲ ಹೀಗೆ ಮೇದು ಕನಿಷ್ಠ 46 ಕಿಲೋಗ್ರಾಂ ತೂಕವನ್ನು ಗಳಿಸಿದ ಹಂದಿಗಳ ಮಾಂಸಕ್ಕೆ ಮಾತ್ರ ಓಕ್ ಕಾಯಿಯ ಹೆಸರನ್ನು ಹಚ್ಚಬಹುದು.

ಈಗ ಈ ಹಂದಿಗಳ ಸ್ಥಾನವನ್ನು ಬದಲಿಸಿದರೆ ಆಗುವುದೇನು? ಐಬೀರಿಯ ಹಂದಿಗೆ ಹಸಿವು ಬಹಳ. ತಣಿವಿನ ಸೂಚನೆಗೆ ಅದರ ದೇಹವು ಮಂದವಾಗಿ ಓಗೊಡುತ್ತದೆ. ವರ್ಷದ ಬಹುಭಾಗ ಅರೆಹೊಟ್ಟೆಯಲ್ಲಿದ್ದು, ಸುಗ್ಗಿಯಲ್ಲಿ ಕೊಬ್ಬನ್ನು ಕೂಡಿಡಬೇಕಾದ ಪ್ರಾಣಿಗೆ ಇದು ವರವೇ ಸರಿ. ಅದೇ ಪ್ರಾಣಿಯನ್ನು ಕಾಳು ತುಂಬಿದ ಬಾನಿಯ ಮುಂದೆ ನಿಲ್ಲಿಸಿದರೆ ಬರಿಯ ಕೊಬ್ಬಿನ ಮುದ್ದೆಯಾಗುವುದು. ಲ್ಯಾಂಡ್‌ರೇಸ್ ಹಂದಿಯಾದರೋ, ಹದವರಿತ ಆಹಾರ ದೊರೆತರೆ ವೇಗವಾಗಿ ಮಾಂಸವನ್ನು ಬೆಳೆಸುತ್ತದೆ. ಅದು ದೊರೆಯದ ಕಡೆ ತನ್ನ ಹಿರಿಮೆಯನ್ನು ತೋರಲಾರದು. ಹಾಗಾದರೆ ಯಾವ ತಳಿ ಉತ್ತಮ? ಬಾನಿಯಲ್ಲಿರುವುದೇನೆಂದು ತಿಳಿಯದೆ ಈ ಪ್ರಶ್ನೆಗೆ ಉತ್ತರವಿಲ್ಲ.

ಉತ್ತರವಿದೆಯೆಂದು ನಂಬಿದವರೂ ಇದ್ದರು. 1955ರಲ್ಲಿ ಬ್ರಿಟನ್ನಿನ ಒಂದು ಸರ್ಕಾರಿ ಸಮಿತಿಯು, ತಳಿಗಳ ಬಾಹುಳ್ಯವೇ ಹಂದಿ ಸಾಕಣೆಗೆ ಅಡ್ಡಿಯೆಂದು ಬಗೆದು, ಲಾರ್ಜ್ ವೈಟ್, ಲ್ಯಾಂಡ್‌ರೇಸ್, ವೆಲ್ಷ್ ಎಂಬ ಮೂರು ಬಿಳಿಯ ತಳಿಗಳ ಮೇಲೆಯೇ ಗಮನವಿಡಬೇಕೆಂದು ಸಲಹೆಯಿತ್ತಿತು. ಕೊಂಡ ಕಾಳನ್ನು ತಿನ್ನಿಸಿ ಒಂದೇ ಬಗೆಯ ಮಾಂಸವನ್ನು ಪೇಟೆಗೆ ಕಳುಹಿಸುವವನಿಗೆ ಈ ಸಲಹೆ ಹಿತವಾಗಿಯೇ ಇದ್ದಿತು. ಆದರೆ ಅದಾಗಲೇ ಕ್ಷೀಣಿಸುತ್ತಿದ್ದ ಹಳೆಯ ತಳಿಗಳು ಮತ್ತಷ್ಟು ಮೂಲೆಗೆ ಬಿದ್ದುವು. 1960ರಲ್ಲಿ ಕಂಬರ್ಲೆಂಡ್ ತಳಿ ನಿರ್ನಾಮವಾಯಿತು. ಉಣ್ಣೆಯಂತಹ ಗುಂಗುರು ಕೂದಲಿನ ಲಿಂಕನ್‌ಷೈರ್ ತಳಿಯೂ 1972ರ ವೇಳೆಗೆ ಅಳಿಯಿತು. ಅಳಿವಿನಂಚಿನ ತಳಿಗಳನ್ನು ಉಳಿಸುವ ಸಂಸ್ಥೆಯೊಂದು ಅಲ್ಲಿ ಹುಟ್ಟಿದುದು 1973ರಲ್ಲಿ. ಹೋದ ತಳಿಯನ್ನು ಯಾವ ಸಮಿತಿಯೂ ಮರಳಿ ತರಲಾರದು.

ನಮ್ಮ ದೇಶದಲ್ಲಿ ಈ ಪಾಠ ಹಳೆಯದಾಗಿಲ್ಲ. ಉತ್ತರ ಬಂಗಾಳದಲ್ಲಿ ಘುಂಗ್ರು ಎಂಬ ಕರಿಯ ಹಂದಿಯುಂಟು. ತೌಡು, ಸೊಪ್ಪು, ಗೆಡ್ಡೆ, ಅಡುಗೆಮನೆಯ ಕಲಗಚ್ಚು ಇವುಗಳ ಮೇಲೆಯೇ ಬಾಳಿ ಹೆಚ್ಚು ಮರಿಗಳನ್ನು ಸಾಕುತ್ತದೆಂಬ ಕೀರ್ತಿ ಅದರದು. ಅಸ್ಸಾಮಿನ ರಾಣಿ ಎಂಬಲ್ಲಿರುವ ರಾಷ್ಟ್ರೀಯ ಹಂದಿ ಸಂಶೋಧನ ಕೇಂದ್ರದವರು ಘುಂಗ್ರುವನ್ನು ವಿದೇಶದ ಹ್ಯಾಂಪ್‌ಷೈರ್ ತಳಿಯೊಡನೆ ಕೂಡಿಸಿ, ಊರಿನ ಹೆಸರನ್ನೇ ಇಟ್ಟು, ಹೊಸ ತಳಿಯೊಂದನ್ನು ಪಡೆದಿದ್ದಾರೆ. ಬೆಳವಣಿಗೆ ಒಂದು ಕಡೆಯಿಂದ, ಹೊಂದಿಕೊಳ್ಳುವ ಶಕ್ತಿ ಇನ್ನೊಂದು ಕಡೆಯಿಂದ. ಆದರೆ ಮೂಲವಾದ ಘುಂಗ್ರುವೇ ಇಲ್ಲವಾದರೆ ಈ ಕೂಡಿಕೆಗೆ ಆಧಾರವೆಲ್ಲಿ?

ಏನನ್ನಾದರೂ ತಿನ್ನುತ್ತದೆಂಬ ಮಾತು ಇನ್ನೊಂದು ವಿಧದಲ್ಲಿಯೂ ಅಪಾಯಕರ. 2020ರಲ್ಲಿ ಆಫ್ರಿಕದ ಹಂದಿಜ್ವರವು ಅಸ್ಸಾಮಿನಲ್ಲಿಯೂ ಅರುಣಾಚಲದಲ್ಲಿಯೂ ಕಾಣಿಸಿಕೊಂಡು, ಸಾವಿರಾರು ಹಂದಿಗಳನ್ನು ಕೊಂದಿತು. ಈ ರೋಗ ಮನುಷ್ಯರಿಗೆ ಅಂಟುವುದಿಲ್ಲ. ಹಂದಿಗೆ ತಗಲಿದರೆ ಚಿಕಿತ್ಸೆಯೂ ಇಲ್ಲ. ಹಂದಿಮಾಂಸ ಬೆರೆತ ಎಂಜಲನ್ನು ಚೆನ್ನಾಗಿ ಕುದಿಸದೆ ಹಾಕುವುದು ಇದು ಹರಡುವ ದಾರಿಗಳಲ್ಲೊಂದು. ಎಂತಹ ಗಟ್ಟಿ ತಳಿಯೂ ಇದನ್ನು ತಡೆಯಲಾರದು. ಬಾನಿಯ ಹೊಣೆ ಸಾಕುವವನದೇ.

ತಾವು ಹಂದಿಯನ್ನು ಸಾಕುವವರಲ್ಲದಿರಬಹುದು. ಆದರೂ ರೈತನಿಗೆ ಸಾಲ ಕೊಡುವ ಬ್ಯಾಂಕೂ, ಇಂತಹ ತಳಿಯನ್ನೇ ಹಂಚಬೇಕೆಂದು ಗೊತ್ತುಮಾಡುವ ಕಚೇರಿಯೂ ನಗರದಲ್ಲಿಯೇ ಇರತಕ್ಕವು. ಅಲ್ಲಿ ಕುಳಿತವರು ಮುಂದೆ ಯಾವುದಾದರೂ ತಳಿಯ ತೂಕದ ಲೆಕ್ಕವನ್ನು ಓದುವಾಗ, ಆ ತೂಕವು ಯಾವ ಆಹಾರದಿಂದ ಬಂದುದು, ಆ ಆಹಾರವು ನಮ್ಮ ರೈತನ ಹಿತ್ತಿಲಿನಲ್ಲಿ ಉಂಟೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿದರೆ ಸಾಕು. ಬಡ ಸಾಕಣೆದಾರನ ದುಡಿಮೆಯೂ ಉಳಿದೀತು, ಹಳೆಯ ತಳಿಯೂ ಉಳಿದೀತು.