ಹೃದಯಕ್ಕೆ ಮೂರು ಪ್ರಶ್ನೆ

ಮಕ್ಕಳೇ, ಎಡಗೈ ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡದ ಬಳಿ ಬಲಗೈಯ ಎರಡು ಬೆರಳನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ಟಪ್ ಟಪ್ ಎಂದು ಮಿಡಿಯುತ್ತಿದೆಯಲ್ಲ, ಅದೇ ನಾಡಿ. ಗಡಿಯಾರ ನೋಡಿಕೊಂಡು ಅರ್ಧ ನಿಮಿಷ ಎಣಿಸಿ, ಎರಡರಿಂದ ಗುಣಿಸಿ. ಸುಮ್ಮನೆ ಕೂತಿರುವ ದೊಡ್ಡವರಲ್ಲಿ ಸಾಮಾನ್ಯವಾಗಿ 60ರಿಂದ 100ರ ನಡುವೆ ಬರುತ್ತದೆ, ಚಿಕ್ಕ ಮಕ್ಕಳಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಒಂದು ದಿನಕ್ಕೆ ಲೆಕ್ಕ ಹಾಕಿದರೆ ನಿಮ್ಮ ಹೃದಯ 1 ಲಕ್ಷಕ್ಕೂ ಹೆಚ್ಚು ಸಲ ಬಡಿಯುತ್ತದೆ. ನೀವು ಮಲಗಿದ್ದಾಗಲೂ ಅದಕ್ಕೆ ರಜೆ ಇಲ್ಲ.

ಇಷ್ಟು ದುಡಿಯುವ ಹೃದಯಕ್ಕೂ ಊಟ ಬೇಕು, ಗಾಳಿ ಬೇಕು. ಅದರೊಳಗೆ ಸದಾ ರಕ್ತ ತುಂಬಿರುತ್ತದೆ, ನಿಜ. ಆದರೆ ಹೃದಯದ ಸ್ನಾಯು ಬದುಕುವುದು ಹೆಚ್ಚಾಗಿ ಅದರ ಮೈಮೇಲೆ ಹರಡಿಕೊಂಡ ಸಣ್ಣ ರಕ್ತನಾಳಗಳಿಂದ. ಇವೇ ಕರೊನರಿ ಧಮನಿಗಳು. ತುಮಕೂರು ತಾಲ್ಲೂಕಿನ ಕೋರ ಹೋಬಳಿಯಲ್ಲಿ ತೋಟ ನೋಡಿ ಬೆಳೆದ ಮಕ್ಕಳಿಗೆ ಇದು ಬೇಗ ತಿಳಿಯುತ್ತದೆ. ತೊಟ್ಟಿಯ ತುಂಬ ನೀರಿದ್ದರೂ ಡ್ರಿಪ್ ಪೈಪಿನಲ್ಲಿ ಕಸ ಕಟ್ಟಿಕೊಂಡರೆ ಆ ಸಾಲಿನ ಸಸಿಗಳು ಬಾಡುತ್ತವೆ, ಅಲ್ಲವೇ? ಕರೊನರಿ ಧಮನಿಯ ಒಳಗೋಡೆಯಲ್ಲಿ ವರ್ಷಗಟ್ಟಲೆ ಜಿಡ್ಡು ಸೇರುತ್ತಾ ಬರುತ್ತದೆ. ಒಂದು ದಿನ ಆ ಜಿಡ್ಡಿನ ಪದರ ಒಡೆದರೆ, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಹೋಗುತ್ತದೆ. ಮುಂದಿನ ಸ್ನಾಯುವಿಗೆ ರಕ್ತ ತಲುಪುವುದಿಲ್ಲ. ಇದೇ ಹೃದಯಾಘಾತ.

ಆಗ ಎದೆಯ ನಡುವೆ ಭಾರ ಇಟ್ಟ ಹಾಗೆ, ಹಿಂಡಿದ ಹಾಗೆ ನೋವು ಬರಬಹುದು. ನೋವು ಎಡಗೈಗೆ, ದವಡೆಗೆ, ಬೆನ್ನಿಗೆ ಹರಡಬಹುದು. ತಣ್ಣನೆಯ ಬೆವರು, ಏದುಸಿರು, ವಾಕರಿಕೆ ಇರಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಚ್ಚು ನೋವೇ ಇಲ್ಲದೆ ಬರೀ ಸುಸ್ತಾಗಬಹುದು. ನಮ್ಮ ಮನೆಗಳಲ್ಲಿ ಆಗೊಂದು ಮಾತು ಬರುತ್ತದೆ: "ಗ್ಯಾಸ್ ಇರಬೇಕು, ಒಂದು ಸೋಡಾ ಕುಡಿ, ಸರಿಹೋಗುತ್ತೆ." ಗ್ಯಾಸೋ ಹೃದಯವೋ ಎಂದು ಮನೆಯಲ್ಲಿ ಕೂತು ಹೇಳಲು ಯಾರಿಗೂ ಆಗದು. ಅದನ್ನು ಹೃದಯವನ್ನೇ ಕೇಳಿ ತಿಳಿಯಬೇಕು. ಹಾಗೆ ಕೇಳಲು ವೈದ್ಯರ ಬಳಿ ಮೂರು ಮುಖ್ಯ ಸಾಧನಗಳಿವೆ. ಒಂದೊಂದೂ ಕೇಳುವ ಪ್ರಶ್ನೆ ಬೇರೆ.

ಮೊದಲನೆಯ ಪ್ರಶ್ನೆ: ನಿನ್ನೊಳಗೆ ವಿದ್ಯುತ್ ಹೇಗೆ ಹರಿಯುತ್ತಿದೆ? ಹೃದಯದ ಪ್ರತಿ ಬಡಿತವೂ ಒಂದು ಸಣ್ಣ ವಿದ್ಯುತ್ ಸಂಕೇತದಿಂದ ಶುರುವಾಗುತ್ತದೆ. ಅದನ್ನು ಹಿಡಿಯುವ ಯಂತ್ರವೇ ಇಸಿಜಿ. ನೆದರ್ಲೆಂಡ್ಸಿನ ವಿಲ್ಲೆಮ್ ಐಂಥೋವನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಯಂತ್ರ ಒಂದು ಕೋಣೆ ತುಂಬುವಷ್ಟು ದೊಡ್ಡದಿತ್ತು. ರೋಗಿ ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಕೊಂಡು ಕೂರಬೇಕಿತ್ತು. ಈ ಕೆಲಸಕ್ಕೆ 1924ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಇವತ್ತಿನ ಇಸಿಜಿ ಯಂತ್ರವನ್ನು ಕೈಯಲ್ಲಿ ಎತ್ತಿಕೊಂಡು ಹೋಗಬಹುದು. ಕೈಕಾಲಿಗೆ ನಾಲ್ಕು, ಎದೆಗೆ ಆರು ತಂತಿ ಅಂಟಿಸುತ್ತಾರೆ. ನೋವಿಲ್ಲ, ಸೂಜಿಯಿಲ್ಲ. ಸಣ್ಣ ಸಣ್ಣ ಚೌಕಗಳಿರುವ ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಹೊರಬರುತ್ತದೆ. ಅದರ ಮೇಲೆ ಮೊದಲು ಒಂದು ಪುಟ್ಟ ಉಬ್ಬು, ಆಮೇಲೆ ಚೂಪಾದ ಶಿಖರ, ಕೊನೆಗೆ ಇನ್ನೊಂದು ದುಂಡನೆಯ ಉಬ್ಬು. ಇಷ್ಟು ಸೇರಿದರೆ ಒಂದು ಬಡಿತ. ಶಿಖರದಿಂದ ಇಳಿದ ಗೆರೆ ಸಮನಾಗಿ ಸಾಗುವ ಬದಲು ಮೇಲೆಯೇ ಎದ್ದು ನಿಂತಿದ್ದರೆ, ದೊಡ್ಡ ಧಮನಿಯೊಂದು ಮುಚ್ಚಿರಬಹುದು ಎಂದು ವೈದ್ಯರು ಎಚ್ಚರಗೊಳ್ಳುತ್ತಾರೆ.

ಎರಡನೆಯ ಪ್ರಶ್ನೆ: ನಿನ್ನ ಗೋಡೆ, ಕವಾಟ ಚೆನ್ನಾಗಿ ಆಡುತ್ತಿವೆಯೇ? ಇದನ್ನು ಕೇಳುವುದು ಎಕೋ. ನಮ್ಮ ಕಿವಿಗೆ ಕೇಳಿಸದಷ್ಟು ಹೆಚ್ಚಿನ ಕಂಪನಾಂಕದ ಶಬ್ದವನ್ನು ಎದೆಯೊಳಕ್ಕೆ ಕಳಿಸಿ, ತಿರುಗಿ ಬಂದ ಪ್ರತಿಧ್ವನಿಯಿಂದ ಚಿತ್ರ ಬಿಡಿಸುವ ಯಂತ್ರ ಅದು. ಸ್ವೀಡನ್ನಿನ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ 1953ರಲ್ಲಿ ಹಡಗು ಕಟ್ಟುವ ಕಾರ್ಖಾನೆಯಿಂದ, ಲೋಹದಲ್ಲಿ ಬಿರುಕು ಹುಡುಕುವ ಯಂತ್ರ ತಂದು ಈ ಪ್ರಯೋಗ ಶುರುಮಾಡಿದರು. ಇವತ್ತು ಪರದೆಯ ಮೇಲೆ ಕವಾಟಗಳು ತೆರೆದು ಮುಚ್ಚುವುದನ್ನು ಕಣ್ಣಾರೆ ನೋಡಬಹುದು.

ಮೂರನೆಯ ಪ್ರಶ್ನೆ: ದಾರಿ ಎಲ್ಲಿ ಕಟ್ಟಿದೆ? ಅದಕ್ಕೆ ಆಂಜಿಯೋಗ್ರಾಮ್. ನೀವು ನಾಡಿ ನೋಡಿಕೊಂಡಿರಲ್ಲ, ಅದೇ ಜಾಗದ ರಕ್ತನಾಳದಿಂದ ತೆಳ್ಳಗಿನ ಕೊಳವೆಯೊಂದನ್ನು ಹೃದಯದವರೆಗೆ ಸಾಗಿಸಿ, ಎಕ್ಸ್-ರೇಯಲ್ಲಿ ಕಾಣುವ ದ್ರವ ಬಿಡುತ್ತಾರೆ. ಧಮನಿಗಳೆಲ್ಲ ಪರದೆಯ ಮೇಲೆ ಮೂಡುತ್ತವೆ. ಬ್ಲಾಕ್ ಸಿಕ್ಕರೆ ಅದೇ ದಾರಿಯಲ್ಲಿ ಪುಟ್ಟ ಬಲೂನು ಕಳಿಸಿ ಉಬ್ಬಿಸುತ್ತಾರೆ. ದಾರಿ ಮತ್ತೆ ಮುಚ್ಚದಂತೆ ಸ್ಟೆಂಟ್ ಎಂಬ ಲೋಹದ ಜಾಲರಿಯನ್ನು ಅಲ್ಲೇ ಬಿಟ್ಟು ಬರುತ್ತಾರೆ. ಎದೆ ಕೊಯ್ಯುವುದಿಲ್ಲ, ರೋಗಿ ಎಚ್ಚರವಾಗಿಯೇ ಇರುತ್ತಾರೆ. ಬಲೂನಿನ ಈ ಚಿಕಿತ್ಸೆಯನ್ನು ಮೊದಲು ಮಾಡಿದವರು ಆಂಡ್ರಿಯಾಸ್ ಗ್ರುಂಟ್ಸಿಗ್, 1977ರ ಸೆಪ್ಟೆಂಬರ್ 16ರಂದು, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ.

ಆಂಜಿಯೋಗ್ರಾಮ್ ಮಾಡುವ ಯಂತ್ರ ಊರೂರಿನಲ್ಲಿ ಇರುವುದಿಲ್ಲ. ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ತುಮಕೂರಿನಿಂದಲೇ 70 ಕಿಲೋಮೀಟರಿಗೂ ಹೆಚ್ಚು ದಾರಿ, ಹಳ್ಳಿಗಳಿಂದ ಇನ್ನೂ ಹೆಚ್ಚು. ಹೃದಯದ ಸ್ನಾಯು ಅಷ್ಟು ಹೊತ್ತು ಕಾಯುವುದಿಲ್ಲ. ಒಮ್ಮೆ ಸತ್ತ ಸ್ನಾಯು ಮತ್ತೆ ಹುಟ್ಟುವುದೂ ಇಲ್ಲ. ಆದ್ದರಿಂದಲೇ ಮೊದಲ ಒಂದು ಗಂಟೆಯನ್ನು ವೈದ್ಯರು ಸುವರ್ಣ ಗಂಟೆ ಎನ್ನುತ್ತಾರೆ.

ಈ ತೊಡಕಿಗೆ ನಮ್ಮ ರಾಜ್ಯ ಒಂದು ಒಳ್ಳೆಯ ಉಪಾಯ ಮಾಡಿದೆ. ನಮ್ಮ ಪ್ರೀತಿಯ ಅಪ್ಪು, ನಟ ಪುನೀತ್ ರಾಜ್‌ಕುಮಾರ್, 2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ ಬರೀ 46 ವರ್ಷ. ಅವರ ಹೆಸರಿನಲ್ಲಿ 2023ರಲ್ಲಿ ಹೃದಯ ಜ್ಯೋತಿ ಯೋಜನೆ ಶುರುವಾಯಿತು. ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದ ಕೂಡಲೇ ಅದು ದೂರದ ಹೃದಯ ತಜ್ಞರಿಗೆ ತಲುಪುತ್ತದೆ. ಕೃತಕ ಬುದ್ಧಿಮತ್ತೆಯ ನೆರವಿನಿಂದ ಕೆಲವೇ ನಿಮಿಷಗಳಲ್ಲಿ ಉತ್ತರ ಬರುತ್ತದೆ. ದೊಡ್ಡ ಧಮನಿ ಮುಚ್ಚಿದೆ ಎಂದು ಖಚಿತವಾದರೆ, ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಕೊಂಡರೆ ಸಾವಿರಾರು ರೂಪಾಯಿ ಬೀಳುವ ಔಷಧಿ ಅದು. ಆಮೇಲೆ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ.

ಮಕ್ಕಳಿಗೂ ಹೃದಯದ ತೊಂದರೆ ಬರಬಹುದು. ಕೆಲವರಿಗೆ ಹುಟ್ಟುವಾಗಲೇ ಹೃದಯದ ಗೋಡೆಯಲ್ಲಿ ರಂಧ್ರವಿರುತ್ತದೆ. ಎಷ್ಟೋ ರಂಧ್ರಗಳನ್ನು ಈಗ ಎದೆ ಕೊಯ್ಯದೆಯೇ ಮುಚ್ಚಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಬಂದು ತಪಾಸಣೆ ಮಾಡುವುದು ಇಂಥವನ್ನು ಬೇಗ ಕಂಡುಹಿಡಿಯಲಿಕ್ಕೇ. ಅವರು ಬಂದ ದಿನ ಶಾಲೆ ತಪ್ಪಿಸಬೇಡಿ. ಆಟ ಆಡುವಾಗ ತಲೆ ಸುತ್ತಿ ಬಿದ್ದರೆ, ತುಂಬಾ ಏದುಸಿರು ಬಂದರೆ ಅಮ್ಮನಿಗೆ ಹೇಳಿ. ಗಂಟಲು ನೋವು ಜ್ವರದ ಜೊತೆ ಬಂದರೆ ವೈದ್ಯರಿಗೆ ತೋರಿಸಿ. ಒಂದು ಬಗೆಯ ಗಂಟಲು ಸೋಂಕಿಗೆ ಮದ್ದು ಮಾಡದೆ ಬಿಟ್ಟರೆ ಮುಂದೆ ಅದು ಹೃದಯದ ಕವಾಟಗಳನ್ನೇ ಕೆಡಿಸಬಲ್ಲದು.

ಯಂತ್ರ ಎಷ್ಟೇ ಜಾಣತನದ್ದಾದರೂ ರೋಗಿ ಅದರ ಹತ್ತಿರ ಹೋಗಬೇಕಲ್ಲ. ಆ ಕೆಲಸದಲ್ಲಿ ನಿಮ್ಮ ಪಾಲು ದೊಡ್ಡದು. ಅಜ್ಜನೋ ಅಪ್ಪನೋ ಅಜ್ಜಿಯೋ ಎದೆ ಹಿಡಿದುಕೊಂಡು ಕೂತರೆ, ಅವರನ್ನು ನಡೆಸಬೇಡಿ, ಬೈಕ್ ಓಡಿಸಲು ಬಿಡಬೇಡಿ. ದೊಡ್ಡವರನ್ನು ಕೂಗಿ ಕರೆಯಿರಿ, 108ಕ್ಕೆ ಫೋನ್ ಮಾಡಿ. ಊರಿನ ಹೆಸರು, ಹೋಬಳಿ, ಮನೆ ಹತ್ತಿರದ ದೇವಸ್ಥಾನವೋ ಶಾಲೆಯೋ ಯಾವುದು ಎಂದು ತಡವರಿಸದೆ ಹೇಳಿ. ಅದನ್ನು ಇವತ್ತೇ ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ. ಯಾರಾದರೂ "ಬರೀ ಗ್ಯಾಸು ಬಿಡು" ಎಂದರೆ, "ಇಸಿಜಿ ತೆಗೆಸಿ ನೋಡೋಣ" ಎಂದು ಹಟ ಹಿಡಿಯಿರಿ.