ರದ್ದಿ ಅಂಗಡಿ ಸೇರಿದ ಭೌತಶಾಸ್ತ್ರ

(ಕನ್ನಡ ರಾಜ್ಯೋತ್ಸವದ ಅಂಗವಾಗಿ ಪದವಿ ಕಾಲೇಜೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣ)



ನಾನು ಪಿಯುಸಿ ಓದಿದವನು. ಅದೂ ಸೈನ್ಸು. ಭೌತಶಾಸ್ತ್ರದಲ್ಲಿ ಒಮ್ಮೆ ಡುಮ್ಕಿ ಹೊಡೆದು, ಎರಡನೇ ಸಲ ಹೇಗೋ ದಡ ಸೇರಿ, ಅಪ್ಪನ ಪ್ರೆಸ್ಸಿಗೆ ಬಂದು ಕೂತವನು. ಇಂಥವನನ್ನು ಕರೆದು ಭೌತಶಾಸ್ತ್ರದ ಬಗ್ಗೆ ಮಾತಾಡು ಅಂದಿದ್ದೀರಿ. ಧೈರ್ಯ ನಿಮ್ಮದು, ಭಂಡತನ ನನ್ನದು!

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನನ್ನ ಅಂಗಡಿ ಮುಂದೆ ಸಾಲು ನಿಲ್ಲುತ್ತದೆ. ಪ್ರಾಜೆಕ್ಟ್ ರಿಪೋರ್ಟು, ಸೆಮಿನಾರ್ ಪ್ರಬಂಧ, ಅಸೈನ್‌ಮೆಂಟು. ಮೂರು ಪ್ರತಿ, ಸ್ಪೈರಲ್ ಬೈಂಡಿಂಗ್, ಮುಖಪುಟಕ್ಕೆ ಬಣ್ಣದ ಲಾಂಛನ. 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಸರ್ಕಾರ ಮತ್ತೆ ಮೂರು ವರ್ಷಕ್ಕೆ ಇಳಿಸಿತು. ಏನು ಬಂದರೂ ಏನು ಹೋದರೂ ‘ಕ್ರೆಡಿಟ್’ ಅನ್ನುವ ಶಬ್ದ ಮಾತ್ರ ಹೋಗಲಿಲ್ಲ. ನಮ್ಮ ಕಸುಬಿನಲ್ಲಿ ಕ್ರೆಡಿಟ್ ಅಂದರೆ ಉದ್ರಿ. ನಿಮ್ಮಲ್ಲಿ ಮಾಡಿದ ಕೆಲಸಕ್ಕೆ ಸಿಗುವ ಲೆಕ್ಕ. ಆದರೆ ಕೆಲಸ ಮಾಡಿದವರು ಯಾರು?

ಮುಚ್ಚಿಡದೆ ಹೇಳುತ್ತೇನೆ. "ಅಣ್ಣಾ, ಹೋದ ವರ್ಷದ ಫೈಲ್ ನಿಮ್ಮ ಕಂಪ್ಯೂಟರಲ್ಲಿ ಇರಬೇಕಲ್ಲ, ಹೆಸರು, ರಿಜಿಸ್ಟರ್ ನಂಬರ್ ಬದಲಾಯಿಸಿ ಕೊಡಿ" ಅಂತ ಹುಡುಗರು ಕೇಳಿದ್ದಾರೆ. ನಾನು ಬದಲಾಯಿಸಿ ಕೊಟ್ಟಿದ್ದೇನೆ. ದುಡ್ಡು ತೆಗೆದುಕೊಂಡಿದ್ದೇನೆ. ಈ ಪಾಪದಲ್ಲಿ ನಾನೂ ಪಾಲುದಾರ. ಒಂದು ದಿನ ಪಕ್ಕದ ರದ್ದಿ ಅಂಗಡಿಗೆ ಗೋಣಿಚೀಲ ಬಂದು ಬಿದ್ದವು. ಬಿಚ್ಚಿ ನೋಡಿದರೆ ಎಲ್ಲಾ ನನ್ನದೇ ಬೈಂಡಿಂಗು! ಯಾವ ಕಾಲೇಜು ಅನ್ನುವುದು ಬೇಡ. ಒಳಗೆ ಒಂದು ಹಾಳೆಯ ಮೇಲೂ ಅಧ್ಯಾಪಕರ ಪೆನ್ನು ಓಡಿರಲಿಲ್ಲ. ಕೊನೆಯಲ್ಲಿ ಒಂದು ಸಹಿ, ಅಷ್ಟೆ. ಬರೆದವನು ಓದಿಲ್ಲ, ಪರೀಕ್ಷಿಸಿದವರು ಓದಿಲ್ಲ. ಆ ಹಾಳೆಗಳನ್ನು ಓದಿದವರು ಯಾರಾದರೂ ಇದ್ದರೆ, ಆಮೇಲೆ ಅದರಲ್ಲಿ ಕಟ್ಟಿಕೊಟ್ಟ ಕಡಲೆಪುರಿ ತಿಂದವರು!

ಅದೇ ವರ್ಷ ಒಬ್ಬಳು ಬಿ.ಎಸ್ಸಿ. ಹುಡುಗಿ ಬೈಂಡಿಂಗಿಗೆ ಬಂದಳು. ಹಳ್ಳಿಯವಳು, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ವಿಷಯ ‘ಮೊಮೆಂಟ್ ಆಫ್ ಇನರ್ಷಿಯಾ’. ನನಗೆ ಹಳೇ ಗಾಯ ನೆನಪಾಯಿತು. "ಏನಮ್ಮ ಹಾಗಂದ್ರೆ? ಕನ್ನಡದಲ್ಲಿ ಹೇಳು" ಅಂದೆ. "ಗೊತ್ತಿಲ್ಲ ಅಣ್ಣ, ಡೆಫಿನಿಷನ್ ಬೇಕಾದ್ರೆ ಹೇಳ್ತೀನಿ" ಅಂದಳು. ಮೂಲೆಯಲ್ಲಿ ಅಪ್ಪನ ಕಾಲದ ಟ್ರೆಡಲ್ ಮೆಷಿನ್ ನಿಂತಿದೆ. ಈಗ ಅದರಲ್ಲಿ ಅಚ್ಚು ಹಾಕುವುದಿಲ್ಲ, ಮಾರಲು ಮನಸ್ಸಿಲ್ಲ. ಅದರ ದೊಡ್ಡ ಗಾಲಿ ತೋರಿಸಿ, "ಕಾಲು ತೆಗೆದ ಮೇಲೂ ಇದು ಯಾಕೆ ತಿರುಗ್ತಾ ಇರುತ್ತೆ?" ಅಂದೆ. ಗಾಲಿಯ ಅಂಚು ಮುಟ್ಟಿ ನೋಡಿದಳು, ಒಂದು ಸುತ್ತು ತಿರುಗಿಸಿದಳು. "ಅಣ್ಣ, ಭಾರವೆಲ್ಲ ಅಂಚಿನಲ್ಲಿದೆ. ಅದಕ್ಕೇ ತಿರುಗಿಸೋಕೆ ಶುರು ಮಾಡೋದೂ ಕಷ್ಟ, ನಿಲ್ಲಿಸೋದೂ ಕಷ್ಟ. ಅಷ್ಟೇ ಭಾರ ನಡುವೆ ಇದ್ದಿದ್ರೆ ಸುಲಭವಾಗಿ ನಿಂತುಹೋಗೋದು" ಅಂದಳು.

ಸ್ವಾಮಿ, ನನಗೆ ಪಿಯುಸಿಯಲ್ಲಿ ಎರಡು ವರ್ಷ ತಲೆಗೆ ಹೋಗದಿದ್ದುದು ಎರಡೇ ನಿಮಿಷದಲ್ಲಿ ಹೋಯಿತು! ಅವಳ ನಲವತ್ತು ಪುಟದ ರಿಪೋರ್ಟಿನಲ್ಲಿ ಈ ಮಾತು ಎಲ್ಲೂ ಇರಲಿಲ್ಲ. "ಇದನ್ನೇ ಬರೀಬಾರದಿತ್ತೇನಮ್ಮ?" ಅಂದೆ. ಅವಳು ಕೇಳಿದ್ದು: "ಕನ್ನಡದಲ್ಲಿ ಬರೆದ್ರೆ ಮಾರ್ಕ್ಸ್ ಕೊಡ್ತಾರಾ ಅಣ್ಣ?"

ಈ ಪ್ರಶ್ನೆಯನ್ನು ಇವತ್ತು ಅಧ್ಯಾಪಕರ ಮುಂದೆ ಇಡುತ್ತಿದ್ದೇನೆ. ಕೊಡುತ್ತೀರಾ?

ವಿದ್ಯಾರ್ಥಿ ಬರೆದ ಪಾಠಕ್ಕೆ ಅಂಕ ಕೊಡುವುದು ನನ್ನ ತಲೆಯಲ್ಲಿ ಹುಟ್ಟಿದ ಹುಚ್ಚಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಪಾಲ್ ಡೆನ್ನಿ ಎಂಬುವರು ‘ಪೀರ್‌ವೈಸ್’ ಎಂಬ ಏರ್ಪಾಟು ಮಾಡಿದರು. ವಿದ್ಯಾರ್ಥಿಯೇ ಪ್ರಶ್ನೆ ಬರೆಯಬೇಕು, ಉತ್ತರ ಯಾಕೆ ಸರಿ ಅಂತ ವಿವರಿಸಬೇಕು. ಜೊತೆಯವರು ಅದನ್ನು ಬಿಡಿಸಿ, ತಪ್ಪಿದ್ದರೆ ಹೇಳಬೇಕು. ಸ್ಕಾಟ್‌ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದವರು ಮೊದಲ ವರ್ಷದ ಭೌತಶಾಸ್ತ್ರಕ್ಕೆ ಇದನ್ನು ತಂದು, ಅಂಕಕ್ಕೂ ಸೇರಿಸಿದರು. ಹುಡುಗರು ಬರೆದದ್ದನ್ನು ಜರಡಿ ಹಿಡಿದು 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಮುಕ್ಕಾಲು ಪಾಲಿಗಿಂತ ಹೆಚ್ಚು ಪ್ರಶ್ನೆಗಳು ಬರೀ ಬಾಯಿಪಾಠದವಲ್ಲ, ಯೋಚಿಸಿ ಬಿಡಿಸಬೇಕಾದವು. ವಿವರಣೆಗಳಲ್ಲಿ ಶೇಕಡಾ 60ರಷ್ಟು ಉತ್ತಮ ದರ್ಜೆಯವು. ಅಷ್ಟು ಚೆನ್ನಾಗಿ ಬಂದದ್ದಕ್ಕೆ ಅವರು ಊಹಿಸಿದ ಒಂದು ಕಾರಣ ನೋಡಿ: ಬರೆಯುವುದು ಹೇಗೆ ಅಂತ ಮೊದಲೇ ತರಗತಿಯಲ್ಲಿ ಅಭ್ಯಾಸ ಮಾಡಿಸಿದ್ದರು. ನಮ್ಮಲ್ಲಿ ವಿಷಯದ ಪಟ್ಟಿ ಗೋಡೆಗೆ ಅಂಟಿಸಿ ಕಳಿಸುತ್ತಾರೆ.

ಅಭ್ಯಾಸ ಸಾಲದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. 2011ರಲ್ಲಿ ಪುಣೆಯ ಕೆಲವು ಕಾಲೇಜುಗಳ ಹುಡುಗರಿಂದ ವಿಕಿಪೀಡಿಯಾಗೆ ಇಂಗ್ಲಿಷ್ ಲೇಖನ ಬರೆಸಿದರು. ಕಂಡಕಂಡಲ್ಲಿಂದ ನಕಲು ಮಾಡಿ ತುಂಬಿದರು. ರಾಶಿ ರಾಶಿ ಅಳಿಸಬೇಕಾಯಿತು, ಆ ಪ್ರಯೋಗವೇ ನಿಂತಿತು.

ಅಂಥ ಪಾಠಗಳನ್ನು ಇಂಗ್ಲಿಷಿನಲ್ಲಿ ‘ಮಾಡ್ಯೂಲ್’ ಅನ್ನುತ್ತಾರೆ. ನಾನು ಕಿರುಪಾಠ ಅನ್ನುತ್ತೇನೆ. ಒಂದು ಸಂಗತಿ, ಎಂಟು ಹತ್ತು ಪುಟ, ಒಂದು ಪ್ರಯೋಗ, ನಾಲ್ಕು ಲೆಕ್ಕ. ಕನ್ನಡದಲ್ಲಿ ಬರೆಯಿರಿ ಅನ್ನುವುದು ಬರೀ ಅಭಿಮಾನಕ್ಕಲ್ಲ. ಮನೆಯಲ್ಲಿ ನಾವು ಬಲ, ಶಕ್ತಿ, ಸಾಮರ್ಥ್ಯ ಮೂರನ್ನೂ ಒಂದೇ ಅರ್ಥದಲ್ಲಿ ಆಡುತ್ತೇವೆ. ಭೌತಶಾಸ್ತ್ರದಲ್ಲಿ ಮೂರೂ ಬೇರೆ. ತೂಕ ಬೇರೆ, ದ್ರವ್ಯರಾಶಿ ಬೇರೆ. ಜವ ಬೇರೆ, ವೇಗ ಬೇರೆ. ಇಂಗ್ಲಿಷ್ ವಾಕ್ಯವನ್ನು ಅರ್ಥವಾಗದೆಯೂ ಇಳಿಸಬಹುದು. ಕನ್ನಡದಲ್ಲಿ ಬರೆಯಲು ಕೂತವನು ಯಾವ ಪದ ಎಲ್ಲಿಗೆ ಅಂತ ತಾನೇ ತೀರ್ಮಾನಿಸಬೇಕು. ಅಲ್ಲಿ ಸಿಕ್ಕಿಬೀಳುತ್ತಾನೆ, ಅಲ್ಲೇ ಕಲಿಯುತ್ತಾನೆ.

ನನ್ನ ಅಂಗಡಿಯಲ್ಲೇ ಒಂದು ಪಾಠವಿದೆ, ಕೇಳಿ. 80 ಜಿ.ಎಸ್.ಎಂ. ಕಾಗದ ಅಂದರೆ ಒಂದು ಚದರ ಮೀಟರಿಗೆ 80 ಗ್ರಾಂ. ಎ4 ಹಾಳೆ ಒಂದು ಚದರ ಮೀಟರಿನ ಹದಿನಾರನೇ ಒಂದು ಪಾಲು. ಅಂದರೆ ಒಂದು ಹಾಳೆ 5 ಗ್ರಾಂ, 500 ಹಾಳೆಯ ರೀಮು ಎರಡೂವರೆ ಕಿಲೋ. ಅದೇ ರೀಮನ್ನು ಚಂದ್ರನ ಮೇಲೆ ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿದರೆ ಮುಳ್ಳು ಆರನೇ ಒಂದು ಪಾಲಷ್ಟೇ ತೋರಿಸುತ್ತದೆ. ಕಾಗದ ಕಡಿಮೆಯಾಯಿತೇ? ಇಲ್ಲ, 500 ಹಾಳೆ ಹಾಗೇ ಇದೆ. ದ್ರವ್ಯರಾಶಿ ಉಳಿಯಿತು, ತೂಕ ಇಳಿಯಿತು. ಪಿಯುಸಿಯಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ನಾನು ಡುಮ್ಕಿ ಹೊಡೆಯುತ್ತಿದ್ದೆನೆ?

"ಕನ್ನಡದಲ್ಲಿ ಭೌತಶಾಸ್ತ್ರ ಆಗುವುದಿಲ್ಲ" ಅನ್ನುವವರಿಗೆ ಒಂದು ಮಾತು. 1918ರಲ್ಲೇ ಕನ್ನಡದಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ಬರುತ್ತಿತ್ತು. ಅದರ ಸಂಪಾದಕರಲ್ಲಿ ಒಬ್ಬರು ಬೆಳ್ಳಾವೆ ವೆಂಕಟನಾರಣಪ್ಪ. ಅವರೇನು ಕನ್ನಡ ಮೇಷ್ಟ್ರಲ್ಲ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರು! ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಕಾಲೇಜು ಮಟ್ಟದಲ್ಲೂ ಕನ್ನಡದಲ್ಲಿ ಕಲಿಸಬೇಕು, ಪುಸ್ತಕ ಬರಬೇಕು ಅಂತ ಹಟ ಹಿಡಿದರು. ಆಗ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದರು. ಒಂದು ಸೂತ್ರದ ಮೇಲಂಕಿ ಕೆಳಂಕಿ ಕೂರಿಸಲು ಕಂಪೋಸಿಟರ್ ಪಡುತ್ತಿದ್ದ ಪಾಡು ಅಪ್ಪನ ಬಾಯಲ್ಲಿ ಕೇಳಿದ್ದೇನೆ. ಈಗ ಆ ಕಷ್ಟವೂ ಇಲ್ಲ. ಯೂನಿಕೋಡಿನಲ್ಲಿ ಟೈಪ್ ಮಾಡಿ ಅಂತ ಮಾತ್ರ ಕೈ ಮುಗಿದು ಕೇಳುತ್ತೇನೆ. ಹಳೇ ಫಾಂಟಿನಲ್ಲಿ ಮಾಡಿದ ಎಷ್ಟೋ ಕಡತ ನನ್ನ ಕಂಪ್ಯೂಟರಿನಲ್ಲಿವೆ. ತೆರೆದರೆ ಅಕ್ಷರವೆಲ್ಲ ಕಲಸುಮೇಲೋಗರ!

ನೀವು ಕೇಳಬಹುದು, "ಈಗ ಯಂತ್ರಕ್ಕೆ ಕೊಟ್ಟರೆ ಅದೇ ಕನ್ನಡ ಮಾಡಿ ಕೊಡುತ್ತಲ್ಲ, ನಕಲು ತಡೆಯೋದು ಹೇಗೆ?" ಅಂತ. ಸರಿಯಾದ ಪ್ರಶ್ನೆ. ಬರೆದವನನ್ನು ಕಿರಿಯ ತರಗತಿಯವರ ಮುಂದೆ ನಿಲ್ಲಿಸಿ. ಆ ಪಾಠವನ್ನು ಅವನೇ ಹೇಳಲಿ, ಅವರು ಕೇಳಿದ್ದಕ್ಕೆ ಉತ್ತರ ಕೊಡಲಿ. ಆಮೇಲೆ ಅಂಕ ಹಾಕಿ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ ಪಿಯುಸಿ ಸೈನ್ಸಿಗೆ ಬಂದ ಹುಡುಗ ಮೊದಲ ತಿಂಗಳಲ್ಲೇ ಕಂಗಾಲಾಗಿ ಕೂತಿರುತ್ತಾನೆ. ಅವನು ನಮ್ಮ ಮಗ. ಅವನಿಗೆ ಬೇಕಾದದ್ದು ದಪ್ಪ ಗ್ರಂಥವಲ್ಲ. ಎರಡು ವರ್ಷ ಹಿಂದೆ ತನ್ನ ಹಾಗೇ ಕಂಗಾಲಾಗಿ, ಆಮೇಲೆ ದಾಟಿ ಹೋದ ಅಕ್ಕನೋ ಅಣ್ಣನೋ ಬರೆದ ಎಂಟು ಪುಟ.

ಆದ್ದರಿಂದ ಪ್ರಾಂಶುಪಾಲರಲ್ಲಿ ನನ್ನ ಬೇಡಿಕೆ ಒಂದೇ. ಮುಂದಿನ ಸೆಮಿಸ್ಟರಿನಲ್ಲಿ ಭೌತಶಾಸ್ತ್ರದ ಅಸೈನ್‌ಮೆಂಟನ್ನು ಕನ್ನಡದಲ್ಲಿ ಬರೆಯಲು ಇಷ್ಟಪಟ್ಟವರಿಗೆ ಬಿಡಿ, ಅದಕ್ಕೂ ಅಷ್ಟೇ ಅಂಕ ಅಂತ ನೋಟಿಸ್ ಬೋರ್ಡಿನಲ್ಲಿ ಹಾಕಿ. ಅಧ್ಯಾಪಕರು ತಿದ್ದಿ ಒಪ್ಪಿದ ಮೊದಲ ಹತ್ತು ಕಿರುಪಾಠಗಳನ್ನು ತಲಾ ಇನ್ನೂರು ಪ್ರತಿ ನಾನು ಅಚ್ಚು ಹಾಕಿ ಕೊಡುತ್ತೇನೆ. ಕಾಗದ, ಮಸಿ, ಪಿನ್ನು ಎಲ್ಲಾ ನನ್ನದು. ಬರೆದವರ ಹೆಸರು ಮುಖಪುಟದಲ್ಲಿ ಇರುತ್ತದೆ, ಪ್ರತಿಗಳು ನಮ್ಮ ತಾಲೂಕಿನ ಪಿಯು ಕಾಲೇಜುಗಳಿಗೆ ಹೋಗುತ್ತವೆ. ಹೆಸರು ಬದಲಾಯಿಸಿ ಕೊಡುವ ಕೆಲಸವನ್ನು ಮಾತ್ರ ಇವತ್ತಿಗೆ ನಿಲ್ಲಿಸಿದ್ದೇನೆ. ಆ ಆಸೆಯಿಂದ ಯಾರೂ ಬರಬೇಡಿ.

ಆ ಹುಡುಗಿ ಈಗ ಬಿ.ಎಡ್. ಓದುತ್ತಿದ್ದಾಳೆ. ಟ್ರೆಡಲ್ ಗಾಲಿಯ ಪಾಠ ಬರೆದುಕೊಡು ಅಂತ ಕೇಳಿದ್ದೆ. ಮೊನ್ನೆ ಆರು ಪುಟ ಕಳಿಸಿದ್ದಾಳೆ, ಚಿತ್ರ ಸಮೇತ. ಕರಡು ತಿದ್ದುವುದಕ್ಕೆ ನಿಮ್ಮ ಭೌತಶಾಸ್ತ್ರ ವಿಭಾಗದವರಿಗೆ ಇಲ್ಲೇ, ಎಲ್ಲರೆದುರು ಒಪ್ಪಿಸುತ್ತಿದ್ದೇನೆ. ತೆಗೆದುಕೊಳ್ಳಿ ಸಾರ್.